ಗೆರೆಯ ಪರೀಕ್ಷೆ

ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಚಿತ್ರಗಳಲ್ಲಿ ಎರಡು ಜಾತಿಗಳುಂಟು. ಒಂದು ಚುಕ್ಕಿಗಳ ಚಿತ್ರ, ಇನ್ನೊಂದು ಗೆರೆಗಳ ಚಿತ್ರ. ಫೋಟೋ ಮೊದಲನೆಯ ಜಾತಿಗೆ ಸೇರಿದ್ದು. ಅದನ್ನು ಹಿಗ್ಗಿಸುತ್ತ ಹೋದರೆ ಕೊನೆಗೆ ಉಳಿಯುವುದು ನೆಲಕ್ಕೆ ಹಾಸಿದ ಕಲ್ಲಿನಂಥ ಬಣ್ಣದ ಚೌಕಗಳು ಮಾತ್ರ. ಎರಡನೆಯದಕ್ಕೆ ವೆಕ್ಟರ್ ಚಿತ್ರವೆಂದು ಹೆಸರು. ಅದರಲ್ಲಿ ಚುಕ್ಕಿಗಳನ್ನು ಕೂಡಿಟ್ಟಿರುವುದಿಲ್ಲ. ‘ಇಲ್ಲಿಂದ ಹೊರಡು, ಇತ್ತ ಬಾಗು, ಅಲ್ಲಿಗೆ ಸೇರು’ ಎಂಬ ಅಪ್ಪಣೆಯನ್ನಷ್ಟೇ ಬರೆದಿಟ್ಟಿರುತ್ತದೆ. ಪರದೆ ಅಂಗೈಯಗಲದ್ದಾಗಲಿ, ಗೋಡೆಯಗಲದ್ದಾಗಲಿ, ಯಂತ್ರವು ಆ ಅಪ್ಪಣೆಯನ್ನು ಓದಿಕೊಂಡು ಗೆರೆಯನ್ನು ಹೊಸದಾಗಿಯೇ ಎಳೆಯುತ್ತದೆ. ಹೀಗೆ ಎಳೆದು, ಬಣ್ಣ ತುಂಬಿ, ಒಂದಾದ ಮೇಲೊಂದು ಚೌಕಟ್ಟಾಗಿ ಜೋಡಿಸಿಕೊಡುವ ಕೆಲಸಕ್ಕೆ ರೆಂಡರ್ ಮಾಡುವುದು ಎನ್ನುತ್ತಾರೆ. ಈ ಬಾಗುಗೆರೆಗಳ ಗಣಿತವನ್ನು ಸಾಧಿಸಿದವರು ಫ್ರಾನ್ಸಿನ ಮೋಟಾರು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಇಬ್ಬರು: 1959ರಲ್ಲಿ ಸಿಟ್ರೊಯೆನ್ ಸಂಸ್ಥೆಯ ಪಾಲ್ ದ ಕಾಸ್ಟೆಲ್‌ಜೊ, ಬಳಿಕ 1960ರ ದಶಕದಲ್ಲಿ ರೆನೋ ಸಂಸ್ಥೆಯ ಪಿಯೆರ್ ಬೆಝಿಯೆ. ಕಾರಿನ ಮೈಯನ್ನು ನುಣುಪಾಗಿ ಬಗ್ಗಿಸಲು ಹುಟ್ಟಿದ ಲೆಕ್ಕ ಇಂದು ನಮ್ಮ ಕನ್ನಡದ ಅಕ್ಷರಗಳ ಒಳಗೂ ಕುಳಿತಿದೆ.

ನನ್ನ ತಾಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಈ ತತ್ತ್ವವನ್ನು ಅವಳು ನನಗಿಂತ ಬಹಳ ಮುಂಚೆಯೇ ಬಲ್ಲಳು. ‘ಹದಿನೈದು ಚುಕ್ಕಿ, ಸಂದುಚುಕ್ಕಿ ಎಂಟರವರೆಗೆ’ ಎಂದರೆ ಸಾಕು, ಅದೇ ರಂಗೋಲಿಯನ್ನು ಹೊಸಲಿನ ಮುಂದೆ ಮೊಳದಗಲಕ್ಕೂ ಹಾಕುವಳು, ಸಂಕ್ರಾಂತಿಯ ದಿನ ಬೀದಿಯಗಲಕ್ಕೂ ಹಾಕುವಳು. ಚಿತ್ರ ದೊಡ್ಡದಾಯಿತೆಂದು ಗೆರೆ ಹರಿಯುವುದಿಲ್ಲ. ಆದರೆ ಮೊಳದಗಲದಲ್ಲಿ ಕಾಣದಿದ್ದ ಕೈನಡುಕ ಬೀದಿಯಗಲದಲ್ಲಿ ಎಲ್ಲರಿಗೂ ಕಾಣುತ್ತದೆ!

ಐಚ್ಛಿಕ ಕನ್ನಡದ ವಿದ್ಯಾರ್ಥಿಗೂ ಈ ವಿಷಯಕ್ಕೂ ಏನು ನಂಟು ಎಂದು ಓದುಗರು ಕೇಳಬಹುದು. ಕಳೆದ ಬೇಸಗೆಯ ರಜದಲ್ಲಿ ನನಗೊಂದು ವಿಚಿತ್ರವಾದ ಉದ್ಯೋಗ ದೊರಕಿತು. ಬೆಂಗಳೂರಿನ ಸಂಸ್ಥೆಯೊಂದು ಮಕ್ಕಳಿಗೆ ಅಕ್ಷರ ಕಲಿಸುವ ಅನಿಮೇಷನ್ ಪಾಠಗಳನ್ನು ತಯಾರಿಸಿತ್ತು, ಅಕ್ಷರಕ್ಕೊಂದರಂತೆ ನಲವತ್ತೊಂಬತ್ತು. ಅವುಗಳನ್ನು ನೋಡಿ ಗುಣ ನಿರ್ಣಯಿಸಲು ಕನ್ನಡ ಓದುವವರು ಬೇಕಾಗಿದ್ದರು. ಪಾಠಕ್ಕೆ 40 ರೂಪಾಯಿ. ಟೊಮೇಟೊ ತೋಟದ ಕೂಲಿಯಿಂದ ನನ್ನನ್ನು ಮೂರು ವರ್ಷ ಕಾಲೇಜಿಗೆ ಕಳುಹಿಸಿದ ಮನೆಯಲ್ಲಿ, ಕುಳಿತಲ್ಲಿಯೇ ಚಿತ್ರ ನೋಡಿದ್ದಕ್ಕೆ ಹಣ ಬರುತ್ತದೆಂದರೆ ಯಾರೂ ನಂಬಲಿಲ್ಲ.

ಪಾಠಗಳು 4ಕೆ ರೆಸಲ್ಯೂಷನ್ನಿನವು. ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು ಸುಮಾರು 83 ಲಕ್ಷ ಚುಕ್ಕಿಗಳು. ಸ್ನೇಹಿತನಿಂದ ತಂದ ಲ್ಯಾಪ್‌ಟಾಪಿನ ಪರದೆಯಲ್ಲಿ ಇದ್ದುದು ಹತ್ತೂವರೆ ಲಕ್ಷ. ಆದ್ದರಿಂದ ಆನೆಯನ್ನು ಮುಟ್ಟಿ ನೋಡಿದ ಕುರುಡರಂತೆ, ಚಿತ್ರದ ಎಂಟನೆಯ ಒಂದು ಪಾಲನ್ನು ಮಾತ್ರ ಪೂರ್ಣ ಗಾತ್ರದಲ್ಲಿ ತೆರೆದು, ಸರಿಸಿ ಸರಿಸಿ ನೋಡಬೇಕಾಗಿತ್ತು. ಇದೂ ಒಂದು ಅನುಕೂಲವೇ ಆಯಿತೆನ್ನಬೇಕು. ಇಡೀ ಚಿತ್ರವನ್ನು ಒಮ್ಮೆಗೇ ನೋಡಿದವನು ‘ಆಹಾ’ ಎನ್ನುತ್ತಾನೆ; ಪಾಲುಪಾಲಾಗಿ ನೋಡಿದವನಿಗೆ ಅಂಚುಗಳು ಕಾಣುತ್ತವೆ.

ಮೊದಲು ಕಂಡದ್ದು ಕೂದಲೆಳೆಯಂಥ ಒಂದು ಬಿಳಿಯ ಗೆರೆ. ಆನೆಯ ಮುಖಕ್ಕೂ ಸೊಂಡಿಲಿಗೂ ನಡುವೆ ಅದು ಮಿನುಗುತ್ತಿತ್ತು. ಚಿತ್ರಕಾರನು ಎರಡು ಬೂದುಬಣ್ಣದ ಆಕಾರಗಳನ್ನು ಅಂಚಿಗೆ ಅಂಚು ಸರಿಯಾಗಿ ಕೂಡಿಸಿದ್ದನು. ಆದರೆ ಯಂತ್ರವು ಅಂಚನ್ನು ನುಣುಪು ಮಾಡಲು ಗಡಿಯ ಚುಕ್ಕಿಗಳಿಗೆ ಅರೆಬಣ್ಣ ಹಚ್ಚುತ್ತದೆ. ಎರಡು ಅರೆಗಳು ಸೇರಿದರೂ ಪೂರ್ತಿಯಾಗದೆ ಹಿಂದಿನ ಬಿಳುಪು ಇಣುಕುತ್ತದೆ. ಬಟ್ಟೆ ಹೊಲಿಯುವವರಂತೆ ಒಂದರ ಮೇಲೊಂದು ತುಸು ಮಡಿಸಿ ಕೂಡಿಸಿದ್ದರೆ ಈ ಸಂದು ಬೀಳುತ್ತಿರಲಿಲ್ಲ. ಆಮೇಲೆ ಆಕಾಶ. ಮೇಲಿನಿಂದ ಕೆಳಕ್ಕೆ ನೀಲಿ ತಿಳಿಯಾಗುತ್ತ ಬರಬೇಕು. ಆ ಇಳಿತಕ್ಕೆ ನಲವತ್ತೇ ಛಾಯೆಗಳಿದ್ದರೆ ಒಂದೊಂದು ಛಾಯೆಯೂ 54 ಸಾಲುಗಳ ಪಟ್ಟಿಯಾಗುತ್ತದೆ. ಹಾಗೆಯೇ ಆಗಿತ್ತು, ಆಕಾಶ ಜಮಖಾನೆಯಂತೆ ಕಾಣುತ್ತಿತ್ತು. ಅಕ್ಷರವೋ ನೀಲಿಯ ಮೇಲೆ ಕೆಂಪು. ಕಡತವನ್ನು ಒತ್ತಿ ಸಣ್ಣದು ಮಾಡುವಾಗ ಬೆಳಕಿನ ವಿವರವನ್ನು ಪೂರ್ತಿ ಉಳಿಸಿಕೊಂಡು ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸುವುದು ವಾಡಿಕೆ. ಬಿಳಿಯ ಮೇಲಿನ ಕಪ್ಪಕ್ಷರಕ್ಕೆ ಇದರಿಂದ ನಷ್ಟವಿಲ್ಲ. ನೀಲಿಯ ಮೇಲಿನ ಕೆಂಪಿನ ಅಂಚು ಮಾತ್ರ ನೆನೆದ ಕಾಗದದ ಮೇಲಿನ ಮಸಿಯಂತೆ ಹರಡಿಕೊಳ್ಳುತ್ತದೆ.

ಇನ್ನು ಚಲನೆ. ಎನ್. ವಡ್ಡಹಳ್ಳಿಯ ಟೊಮೇಟೊ ಮಾರುಕಟ್ಟೆಯಲ್ಲಿ ಪೆಟ್ಟಿಗೆಯ ಮೇಲಿನ ಸಾಲನ್ನು ಮಾತ್ರ ನೋಡಿ ಬೆಲೆ ಕಟ್ಟುವ ವ್ಯಾಪಾರಿ ಬಹುಕಾಲ ವ್ಯಾಪಾರ ಮಾಡಲಾರನು. ಅನಿಮೇಷನ್ನಿನಲ್ಲಿಯೂ ಮುಖ್ಯ ಭಂಗಿಗಳು ಮೇಲಿನ ಸಾಲು. ಎರಡು ಭಂಗಿಗಳ ನಡುವಿನ ಚಿತ್ರಗಳನ್ನು ಯಂತ್ರವೇ ಲೆಕ್ಕ ಹಾಕಿ ತುಂಬುತ್ತದೆ, ಕೊಳೆತದ್ದು ಇರುವುದು ಅಲ್ಲಿ. ನಾನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ನೋಡುತ್ತಿದ್ದೆ. ಎತ್ತು ತಲೆ ತಿರುಗಿಸುವಾಗ ನಡುವೆ ಒಂದು ಕ್ಷಣ ಅದರ ಕೋಡು ಕಿವಿಯೊಳಗೆ ಹೊಕ್ಕು ಹೊರಬರುತ್ತಿತ್ತು. ಸೆಕೆಂಡಿಗೆ 30 ಚೌಕಟ್ಟುಗಳ ಓಟದಲ್ಲಿ ಇದು ಕಣ್ಣಿಗೆ ಬೀಳದಿದ್ದರೂ ಏನೋ ಸರಿಯಿಲ್ಲವೆಂದು ಮನಸ್ಸಿಗೆ ತೋರುತ್ತದೆ.

ಈ ದೋಷಗಳಿಗೆಲ್ಲ ಆ ಸಂಸ್ಥೆಯವರ ನಮೂನೆಯಲ್ಲಿ ಅಂಕಣಗಳಿದ್ದವು: ಅಂಚು, ಬಣ್ಣ, ಚಲನೆ, ಧ್ವನಿ, ಕಾಗುಣಿತ, ಒಂದೊಂದಕ್ಕೂ ಐದು ಅಂಕ. ಸ ಅಕ್ಷರದ ಪಾಠದಲ್ಲಿ ‘ಸೂರ್ಯ’ ಎಂಬ ಪದ ಒಂದೊಂದಾಗಿ ಮೂಡುವಾಗ ಅರ್ಕಾವತ್ತು ಇರಬೇಕಾದಲ್ಲಿ ಇಡೀ ‘ರ’ ಬಂದು ನಿಂತಿತು, ಅದರ ಪಕ್ಕದಲ್ಲಿ ಒಂಟಿ ಅರ್ಧಾಕ್ಷರದ ಗುರುತು, ಆಮೇಲೆ ‘ಯ’. ಯಂತ್ರವು ಪದವನ್ನು ತನ್ನ ಸಂಕೇತಗಳಂತೆ ಒಡೆದಿತ್ತೇ ಹೊರತು ನಾವು ಓದುವ ಅಕ್ಷರಗಳಂತೆ ಒಡೆದಿರಲಿಲ್ಲ. ಇದನ್ನು ಕಾಗುಣಿತದ ಅಂಕಣದಲ್ಲಿ ಬರೆದೆನು.

ಅಂಕಣವಿಲ್ಲದ ದೋಷವನ್ನು ಕಂಡವಳು ನನ್ನ ತಾಯಿ. ಒಂದು ಸಂಜೆ ‘ರ’ ಅಕ್ಷರದ ಪಾಠ ಓಡುತ್ತಿತ್ತು. ಸಂದಿಲ್ಲ, ಪಟ್ಟಿಯಿಲ್ಲ, ಅಂಚು ಕತ್ತರಿಸಿಟ್ಟಂತಿದೆ. ನಾನು ಪೂರ್ಣಾಂಕ ಕೊಡುವವನಿದ್ದೆ. ಅವಳು ಮೊರ ಹಿಡಿದುಕೊಂಡೇ ಹಿಂದೆ ನಿಂತು ನೋಡಿ, “ಇದೇನಪ್ಪಾ, ಅಕ್ಷರ ಬರೀತಾ ಐತಾ, ಬದು ಕಟ್ತಾ ಐತಾ?” ಎಂದಳು.

ಮತ್ತೆ ನೋಡಿದೆ. ಅವಳು ಹೇಳಿದ್ದು ಅಕ್ಷರಶಃ ನಿಜ. ಗೆರೆಯು ಅಕ್ಷರದ ಹೊರ ಅಂಚನ್ನು ಒಂದು ಸುತ್ತು ಬಂದು, ಒಳ ಅಂಚನ್ನು ಇನ್ನೊಂದು ಸುತ್ತು ಬಂದು, ಬಳಿಕ ನಡುವೆ ಬಣ್ಣ ತುಂಬಿಕೊಳ್ಳುತ್ತಿತ್ತು. ಮಡಿಗೆ ಬದು ಹಾಕಿ ನೀರು ಬಿಟ್ಟ ಹಾಗೆ. ಕಾರಣವಿದು: ಅಚ್ಚಿನ ಅಕ್ಷರದ ಕಡತದಲ್ಲಿ ಇರುವುದು ಅಕ್ಷರದ ಹೊರಮೇರೆ ಮಾತ್ರ, ಬರೆಯುವ ಕೈ ಯಾವ ದಾರಿಯಲ್ಲಿ ಹೋಗುತ್ತದೆಂಬುದು ಅದರಲ್ಲಿಲ್ಲ. ‘ಬರೆದು ತೋರಿಸು’ ಎಂದರೆ ಯಂತ್ರವು ತನಗೆ ಗೊತ್ತಿರುವ ಮೇರೆಯನ್ನೇ ಸುತ್ತುತ್ತದೆ. ಚಿತ್ರ 4ಕೆಯಲ್ಲಿ ಎಷ್ಟು ನಿಚ್ಚಳವೋ ತಪ್ಪೂ ಅಷ್ಟೇ ನಿಚ್ಚಳ. ಅದನ್ನು ನೋಡಿ ಕಲಿಯುವ ಮಗು ಸ್ಲೇಟಿನ ಮೇಲೆ ‘ರ’ ಬರೆಯಲು ಎರಡು ಸುತ್ತು ಹಾಕಬೇಕಾದೀತು.

ಅವಳಿಗೆ ಇದು ಕಂಡು ನನಗೆ ಏಕೆ ಕಾಣಲಿಲ್ಲವೆಂದರೆ, ಅವಳು ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ಸ್ತ್ರೀಶಕ್ತಿ ಸಂಘದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಲು ನಾಚಿಕೆಯಾಗಿ, ಪಕ್ಕದ ಮನೆಯ ಹುಡುಗಿಯಿಂದ ಕೈ ಹಿಡಿಸಿಕೊಂಡು ತನ್ನ ಹೆಸರನ್ನು ಬರೆಯಲು ಕಲಿತಳು. ಅವಳ ಪಾಲಿಗೆ ಅಕ್ಷರವೆಂದರೆ ಇಂದಿಗೂ ಒಂದು ಆಕಾರವಲ್ಲ, ನಡೆದುಹೋಗಬೇಕಾದ ದಾರಿ. ಹದಿನೈದು ವರ್ಷ ಪುಸ್ತಕ ಓದಿದ ನನ್ನ ಕಣ್ಣು ಅಕ್ಷರವನ್ನು ದಾಟಿ ಅರ್ಥಕ್ಕೆ ಓಡಿಬಿಡುತ್ತದೆ.

ನಿಚ್ಚಳತೆಯೊಂದೇ ಗುಣವೆಂಬ ನಂಬಿಕೆ ಈಗ ಎಲ್ಲೆಲ್ಲೂ ಹಬ್ಬಿದೆ. 1974ರಲ್ಲಿ ಫಿಲ್ಮ್ಸ್ ಡಿವಿಷನ್ನಿನಿಂದ ಬಂದ, ವಿಜಯಾ ಮೂಳೆಯವರ ‘ಏಕ್ ಅನೇಕ್ ಔರ್ ಏಕ್ತಾ’ ಎಂಬ ಕಿರುಚಿತ್ರ ಇಂದು ಫೋನುಗಳಲ್ಲಿ ಮಸುಕಾದ ಪ್ರತಿಗಳಾಗಿ ಓಡಾಡುತ್ತಿದೆ. ಭೀಮ್‌ಸೈನ್ ಅವರ ಕೈಯ ಆ ಸರಳ ಹಕ್ಕಿಗಳನ್ನು ನಮ್ಮ ಬೀದಿಯ ಮಕ್ಕಳು ಹಿಂದಿ ಬಾರದಿದ್ದರೂ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಎಳೆದವನಿಗೆ ಏನು ಹೇಳಬೇಕೆಂಬುದು ಗೊತ್ತಿತ್ತು.

ಉಪಾಯವಿಲ್ಲದೆ ಇರಲಿಲ್ಲ. ಅಕ್ಷರದ ನಡುವೆ ಕೈ ನಡೆಯುವ ಹಾದಿಯನ್ನು ಬೇರೆಯಾಗಿ ಎಳೆದು, ಆ ಹಾದಿಯಲ್ಲಿ ಒಂದು ದಪ್ಪ ಗೆರೆಯನ್ನು ಹರಿಸಿ, ಅದು ಮುಟ್ಟಿದಷ್ಟೇ ಭಾಗದ ಅಕ್ಷರ ಬಯಲಾಗುವಂತೆ ಮಾಡಬಹುದು. ಅದಕ್ಕೆ ಅಕ್ಷರಕ್ಕೊಂದು ಹಾದಿಯನ್ನು ಯಾರಾದರೂ ಕೂತು ಎಳೆಯಬೇಕು. ನನಗೆ ಒಂದನೆಯ ತರಗತಿಯಲ್ಲಿ ಅಕ್ಷರ ತಿದ್ದಿಸಿದ ಮೇಷ್ಟ್ರ ಮನೆಗೆ ಹೋಗಿ, ತಲೆಕಟ್ಟು ಮೊದಲೋ ಕೊನೆಯೋ ಎಂಬುದರಿಂದ ಹಿಡಿದು ಕೇಳಿಕೊಂಡು, ನಲವತ್ತೊಂಬತ್ತಕ್ಕೂ ಬಾಣದ ಗುರುತು ಹಾಕಿ, ನಮೂನೆಯ ಜೊತೆಗೆ ಕಳುಹಿಸಿದೆ. ‘ಬರವಣಿಗೆಯ ದಾರಿ’ ಎಂಬ ಅಂಕಣವನ್ನು ನಾನೇ ಗೀಟು ಹಾಕಿ ಸೇರಿಸಿದೆ. ಅದರಲ್ಲಿ ಎಲ್ಲ ಪಾಠಗಳಿಗೂ ಸೊನ್ನೆ.

ಹದಿನೈದು ದಿನ ಉತ್ತರವಿಲ್ಲ. ಹಣವೂ ಮುಳುಗಿತೆಂದುಕೊಂಡೆವು. ಬಳಿಕ 1960 ರೂಪಾಯಿಯೂ ಒಂದು ಪತ್ರವೂ ಬಂದವು. ಮತ್ತೆ ರೆಂಡರ್ ಮಾಡಲು ಖರ್ಚು ಹೆಚ್ಚಾಗುವುದರಿಂದ ಸದ್ಯಕ್ಕೆ ಸ್ವರಗಳನ್ನು ಮಾತ್ರ ತಿದ್ದುವುದಾಗಿ ಬರೆದಿದ್ದರು. ಹದಿಮೂರು ಸ್ವರಗಳು ಕೈಯ ದಾರಿ ಹಿಡಿದು ಮರಳಿ ಬಂದಿವೆ, ನೋಡಿದ್ದೇನೆ, ಚೆನ್ನಾಗಿವೆ. ‘ಕ’ದಿಂದ ‘ಳ’ದವರೆಗಿನ ಮೂವತ್ತನಾಲ್ಕು ಇನ್ನೂ ಬದು ಸುತ್ತುತ್ತಲೇ ಇವೆ. ತಿಂಗಳಿಗೊಂದು ಕಾಗದ ಬರೆಯುತ್ತಿದ್ದೇನೆ.