ಪಾತ್ರೆಗೆ ತಕ್ಕ ಪದಾರ್ಥ

ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ನನ್ನ ತಾಯಿ ಹುಣಸೆಹುಳಿಯ ಸಾರು ಮಾಡುತ್ತಿರಲಿಲ್ಲ. ಪಾತ್ರೆಗೆ ತಕ್ಕ ಪದಾರ್ಥ ಎನ್ನುತ್ತಿದ್ದರು. ಅಮೆರಿಕದಲ್ಲಿ ಮನೆಯಲ್ಲೇ ಪುಟ್ಟ ವಿಮಾನ ಕಟ್ಟುವವರ ಬಗ್ಗೆ ಓದಿದಾಗ ಆ ಮಾತು ನೆನಪಾಯಿತು.

ಹೌದು ಸಹೋದರಿಯರೇ, ಅಲ್ಲಿ ಅದೊಂದು ಹವ್ಯಾಸ. ಬರ್ಟ್ ರುಟಾನ್ 1970ರ ದಶಕದಲ್ಲಿ ರೂಪಿಸಿದ ಲಾಂಗ್‌ಈಝಿ ವಿಮಾನವನ್ನು ಜನರು ಫೋಮ್, ಗಾಜಿನ ನಾರು ಮತ್ತು ಎಪಾಕ್ಸಿ ಅಂಟಿನಿಂದ ಕಟ್ಟಿದರು. ಅದರ ಇಂಧನದ ಟ್ಯಾಂಕೂ ಇವುಗಳಿಂದಲೇ ಆದದ್ದು.

ವಿಮಾನದ ಪೆಟ್ರೋಲ್ ದುಬಾರಿ. ಅಗ್ಗವೆಂದು ಕಾರಿನ ಪೆಟ್ರೋಲ್ ತುಂಬಿಸೋಣವೆಂದರೆ, ಅಲ್ಲಿ ಹೆಚ್ಚಾಗಿ ಸಿಗುವುದು ಶೇ. 10ರಷ್ಟು ಎಥನಾಲ್ ಬೆರೆತದ್ದು. ಎಥನಾಲ್ ಕೆಲವು ಅಂಟುಗಳನ್ನು ಮೆದುಗೊಳಿಸುತ್ತದೆ. ಟ್ಯಾಂಕಿನ ಒಳಗೆ ಬಳಿದ ಕೆಲವು ಲೇಪಗಳನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ; ಆ ಸಿಪ್ಪೆ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಅದು ನೀರನ್ನೂ ಹೀರುತ್ತದೆ. ನೀರು ಮಿತಿಮೀರಿದರೆ, ಅಥವಾ ಮೇಲೆ ಚಳಿ ಹೆಚ್ಚಿದರೆ, ನೀರೂ ಎಥನಾಲೂ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಅದು ಸೇರಿದರೆ ಎಂಜಿನ್ ನಿಲ್ಲಬಹುದು. ಆಕಾಶದಲ್ಲಿ ಪಕ್ಕಕ್ಕೆ ನಿಲ್ಲಿಸಲು ರಸ್ತೆಯಿಲ್ಲ.

ಪರೀಕ್ಷೆ ಸುಲಭ. ಗಾಜಿನ ನಳಿಗೆಯಲ್ಲಿ ಸ್ವಲ್ಪ ನೀರು ಹಾಕಿ ಅದರ ಮಟ್ಟಕ್ಕೆ ಗೆರೆ ಎಳೆಯುತ್ತಾರೆ. ಮೇಲೆ ಪೆಟ್ರೋಲ್ ಸುರಿದು, ಕುಲುಕಿ, ತಿಳಿಯಾಗಲು ಬಿಡುತ್ತಾರೆ. ಎಥನಾಲ್ ನೀರಿನೊಂದಿಗೆ ಸೇರುವುದರಿಂದ, ಅದಿದ್ದರೆ ನೀರಿನ ಮಟ್ಟ ಗೆರೆಗಿಂತ ಏರುತ್ತದೆ. ಟ್ಯಾಂಕ್ ಕಟ್ಟುವ ಮೊದಲು ಅಂಟಿನ ತುಣುಕನ್ನು ಅದೇ ಇಂಧನದಲ್ಲಿ ವಾರಗಟ್ಟಲೆ ನೆನೆಸಿಡುವವರೂ ಇದ್ದಾರೆ.

ಶೇ. 20ರ ಎಥನಾಲ್ ಪೆಟ್ರೋಲ್‌ಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ನಿಮ್ಮ ಸ್ಕೂಟರ್ ಹಳೆಯದಾದರೆ ಅದರ ಕೈಪಿಡಿಯನ್ನೊಮ್ಮೆ ತೆರೆದು ನೋಡಿ.