ದೋಷದ ಬೆಲೆ

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಯಿಸಲು, ಉಳಿದವರು ತಮ್ಮ ತಮ್ಮ ಪಾತ್ರಗಳ ಮಾತನ್ನಾಡುತ್ತ, ದಾಳವೆಸೆದು ಫಲವನ್ನು ನಿರ್ಣಯಿಸಿಕೊಳ್ಳುವ ಆಟವೊಂದುಂಟು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಜಾತಿಯ ಆಟಗಳಲ್ಲಿ ಮೊದಲು ಅಚ್ಚಾದುದು. ಅದರಲ್ಲಿ ಪಾತ್ರದ ಬಲ, ಬುದ್ಧಿ, ವಿವೇಕ ಮೊದಲಾದ ಆರು ಗುಣಗಳನ್ನು ಮೂರು ಮೂರು ದಾಳಗಳ ಮೊತ್ತವೇ ವಿಧಿಸುತ್ತಿದ್ದಿತು. 18 ಬೀಳುವುದು 216ರಲ್ಲಿ ಒಂದು ಸಲ. ಒಬ್ಬನಿಗೆ ಭೀಮನ ಬಲ. ಪಕ್ಕದವನಿಗೆ ಗದೆಯನ್ನೆತ್ತಲೂ ಆಗದ ತೋಳು.

ಈ ದೈವಾಧೀನದ ಹಂಚಿಕೆ ಸಲ್ಲದೆಂದು ಬಳಿಕ ಬಂದವರು ವರ್ತಕರ ತಕ್ಕಡಿಯನ್ನು ಹಿಡಿದರು. 1986ರಲ್ಲಿ ಸ್ಟೀವ್ ಜಾಕ್ಸನ್ನರ 'ಗರ್ಪ್ಸ್' ಹೊರಬಂದಿತು. ಅಲ್ಲಿ ಎಲ್ಲರಿಗೂ ಸಮನಾದ ಅಂಕಗಳ ಗಂಟು. ಗುಣಗಳನ್ನು ಕ್ರಯಕ್ಕೆ ಕೊಳ್ಳಬೇಕು. 2004ರ ನಾಲ್ಕನೆಯ ಆವೃತ್ತಿಯಲ್ಲಿ ಬಲವನ್ನು ಒಂದು ಮೆಟ್ಟಲು ಏರಿಸಲು 10 ಅಂಕ, ಬುದ್ಧಿಗೆ 20. ಬುದ್ಧಿಯೊಂದು ಹೆಚ್ಚಿದರೆ ಅದನ್ನಾಶ್ರಯಿಸಿದ ವಿದ್ಯೆಗಳೆಲ್ಲವೂ ಒಡನೆ ಹೆಚ್ಚುವುದರಿಂದ ಈ ಬೆಲೆ ನ್ಯಾಯವೇ ಸರಿ. ದೋಷವನ್ನು ಒಪ್ಪಿಕೊಂಡವನಿಗಾದರೋ ಅಂಕಗಳು ಮರಳಿ ದೊರೆಯುವುವು. ಒಕ್ಕಣ್ಣನಿಗೆ 15.

ಪಾಠಶಾಲೆಯಲ್ಲಿ ಓದಿದವರನ್ನು ಬೆಚ್ಚಿಸುವ ಸಂಗತಿಯೊಂದು ಈ ಪಟ್ಟಿಯಲ್ಲಿದೆ. ಸತ್ಯವಂತಿಕೆಯೂ ಅಲ್ಲಿ ದೋಷವೇ. ಅದಕ್ಕೆ 5 ಅಂಕ. ಪರೋಪಕಾರಬುದ್ಧಿಗೆ 15; ಒಕ್ಕಣ್ಣಿಗೂ ಅದಕ್ಕೂ ಒಂದೇ ತೂಕ! ಇದೆಂತಹ ಅಧರ್ಮವೆಂದು ಪುಸ್ತಕವನ್ನು ಮುಚ್ಚುವ ಮುನ್ನ ಕರ್ಣನನ್ನು ನೆನೆಯಬೇಕು. ಬೇಡಿದವನಿಗೆ ಇಲ್ಲವೆನ್ನಲಾರದುದೇ ಅವನ ಕೀರ್ತಿ. ಇಂದ್ರನು ಬ್ರಾಹ್ಮಣವೇಷದಿಂದ ಬಂದು ಕವಚಕುಂಡಲಗಳನ್ನು ಕೊಂಡೊಯ್ದುದೂ ಅದೇ ದಾರಿಯಿಂದ. ಪುಸ್ತಕವು ಶೀಲವನ್ನು ಹಳಿಯುವುದಿಲ್ಲ. ಅದು ಮನುಷ್ಯನಿಗೆ ಎಷ್ಟು ದಾರಿಗಳನ್ನು ಮುಚ್ಚುವುದೆಂಬುದನ್ನಷ್ಟೇ ಅಳೆಯುತ್ತದೆ. ಇಂತಹ ಸ್ವಭಾವವನ್ನು ಒಮ್ಮೆ ತಡೆದುಕೊಳ್ಳಬೇಕಾದರೆ ಮೂರು ದಾಳಗಳ ಮೊತ್ತ 12ನ್ನು ಮೀರಕೂಡದು. 216ರಲ್ಲಿ 160 ಸಲ ಹಾಗಾಗುವುದು. ಆ ಮೇರೆಯನ್ನು 6ಕ್ಕೆ ಇಳಿಸಿಕೊಂಡವನಿಗೆ ಇಮ್ಮಡಿ ಅಂಕ.

ತೊಡಕಿರುವುದು ಬೇರೆಡೆಯಲ್ಲಿ. ಜಾಣನಾದ ಆಟಗಾರನು ಮರುಭೂಮಿಯ ಕಥೆಗೆ ಕಡಲಭಯವನ್ನು ಬರೆದುಕೊಂಡು, ಬಂದ ಅಂಕಗಳಿಂದ ಕತ್ತಿವರಸೆಯನ್ನು ಕೊಳ್ಳುವನು. ದೋಷಗಳ ಮೊತ್ತ ಆರಂಭದ ಅಂಕಗಳಲ್ಲಿ ಅರ್ಧವನ್ನು ಮೀರದಿರಲೆಂದು ಪುಸ್ತಕವು ಸೂಚಿಸುವುದೇನೋ ನಿಜ. ಆದರೆ ಆ ಕಟ್ಟು ಮೊತ್ತಕ್ಕೆ ಮಾತ್ರ, ಕಪಟಕ್ಕಲ್ಲ. ಪ್ರಾಮಾಣಿಕನಾಗಿ ಕುಂಟುಕಾಲನ್ನು ಪಡೆದ ಗೆಳೆಯನು ಸಂಜೆಯೆಲ್ಲ ಅವನ ಹಿಂದೆ ಏಗುತ್ತಿರಬೇಕು. ಮರುವಾರ ಆ ಗೆಳೆಯನು ಮೇಜಿಗೆ ಬಾರದಿದ್ದರೆ ಆಶ್ಚರ್ಯವೇನು?

2013ರ 'ಫೇಟ್ ಕೋರ್' ಎಂಬ ಆಟದಲ್ಲಿ ಈ ಮುಂಗಡವೇ ಇಲ್ಲ. ದೋಷವು ಕಥೆಯಲ್ಲಿ ನಿಜವಾಗಿ ಅಡ್ಡಬಂದಾಗ ಮಾತ್ರ ಆಟಗಾರನ ಕೈಗೆ ಒಂದು ಬಿಲ್ಲೆ. ಬಾರದ ದೋಷಕ್ಕೆ ಕೂಲಿಯಿಲ್ಲ. ಇದೇ ಹೆಚ್ಚು ನ್ಯಾಯವೆಂದು ತೋರುವುದು. ಗರ್ಪ್ಸನ್ನು ಆಡಿಸುವವನಿಗಾದರೋ ತನ್ನ ನೆನಪೊಂದೇ ಉಪಾಯ. ಒಳ್ಳೆಯ ಸೂತ್ರಧಾರನು ಆಟಕ್ಕೆ ಮುನ್ನ ಎಲ್ಲರ ಕಾಗದಗಳನ್ನೂ ಓದಿ, ಕಡಲಭಯವನ್ನು ಆಗಲೇ ಹೊಡೆದುಹಾಕುವನು. ಇಲ್ಲವೆ, ಒಂಟೆಗಳ ಸಾಲು ಮರಳನ್ನು ದಾಟಿ ಬರುತ್ತಿರಲು, ಎದುರಿಗೆ ಒಂದು ರೇವನ್ನೂ, ಅಲ್ಲಿ ಹಾಯಿ ಬಿಚ್ಚಿ ಕಾದಿರುವ ಹಡಗನ್ನೂ ತೋರಿಸುವನು.