ಬಿಸಿನೀರ ಸರಣಿ – 6: ನಾನು ಕ್ರಾಪ್ ಮಾಡಿದ ಬೋರ್ಡ್

(1/6) ಫೋಟೋ: ಮಾರ್ನಿಂಗ್ ಗ್ಲೋರಿ ಪೂಲ್, ಈ ಸಲ ಪೂರ್ತಿ

ಮೊದಲು ಒಂದು ತಪ್ಪೊಪ್ಪಿಗೆ.

ಈ ಸರಣಿಯ ಮೂರನೇ ಪೋಸ್ಟ್ ನೆನಪಿದ್ಯಾ? ನಡುವೆ ಹಸಿರು, ಅದರ ಸುತ್ತ ಹಳದಿ, ಅಂಚಲ್ಲಿ ಕಿತ್ತಳೆ. ಕಾಮನಬಿಲ್ಲನ್ನ ಕರಗಿಸಿ ಬಟ್ಟಲಿಗೆ ಸುರಿದಂಗಿದ್ದ ಒಂದು ಬಿಸಿನೀರಿನ ಕೊಳ. ಅಮೆರಿಕದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿನ ಮಾರ್ನಿಂಗ್ ಗ್ಲೋರಿ ಪೂಲ್. "ಪ್ರಕೃತಿ ಬಣ್ಣ ಹಚ್ಚೋಕೆ ಕೂತ್ರೆ ಹಿಂಗಿರುತ್ತೆ" ಅಂತ ಕ್ಯಾಪ್ಷನ್ ಹಾಕಿದ್ದೆ. ಇಡೀ ಸರಣಿಯಲ್ಲಿ ಅತಿ ಹೆಚ್ಚು ಲೈಕ್ ಬಂದಿದ್ದು ಅದಕ್ಕೇ. ನಿಮ್ಮಲ್ಲಿ ಸುಮಾರು ಜನ ಸ್ಟೋರಿಗೂ ಹಾಕ್ಕೊಂಡ್ರಿ.

ಆ ಕ್ಯಾಪ್ಷನ್ ತಪ್ಪು. ಆ ಹಳದಿಯನ್ನ ಕೊಳದ ನಡುವಿನವರೆಗೆ ತಂದಿದ್ದರಲ್ಲಿ ಮನುಷ್ಯರ ಕೈ ಇದೆ.

ಆ ಫೋಟೋ ತೆಗೆದಿದ್ದು ನಮ್ಮ ದೊಡ್ಡಪ್ಪನ ಮಗ. ಸಿಯಾಟಲ್‌ನಲ್ಲಿ ಕೆಲಸದಲ್ಲಿದಾನೆ, ರಜೆಗೆ ಅಲ್ಲಿಗೆ ಹೋಗಿದ್ದ. ಕಳೆದ ವಾರ ಫೋನ್ ಮಾಡಿದಾಗ ಕೇಳಿದ: "ಅಲ್ಲ ಕಣೇ, ಫೋಟೋದ ಮೂಲೇಲಿ ಒಂದು ಬೋರ್ಡ್ ಇತ್ತಲ್ಲ, ಓದ್ಲಿಲ್ವಾ ನೀನು?"

ಗ್ಯಾಲರಿ ತೆಗೆದು ನೋಡಿದೆ. ಬೋರ್ಡ್ ಇತ್ತು. ಫ್ರೇಮ್ ಹಾಳು ಮಾಡ್ತಿದೆ ಅಂತ ಅದನ್ನ ಕ್ರಾಪ್ ಮಾಡಿದ್ದೇ ನಾನು. ಈ ಕೊಳ ಯಾಕೆ ಹೀಗಾಯ್ತು ಅಂತ ಬರೆದಿದ್ದು ಅದರಲ್ಲೇ.

ಅದಕ್ಕೇ ಇವತ್ತು ಅದೇ ಫೋಟೋ, ಬೋರ್ಡ್ ಸಮೇತ. ಒಂದೇ ಕ್ಯಾಪ್ಷನ್‌ನಲ್ಲಿ ಜಾಗ ಸಾಲಲ್ಲ, ಹಾಗಾಗಿ ಆರು ಪೋಸ್ಟ್ ಒಟ್ಟಿಗೆ ಹಾಕ್ತಿದೀನಿ. ಲೈಕ್ ಮಾಡಿದಷ್ಟೇ ತಾಳ್ಮೆಯಿಂದ ಇದನ್ನೂ ಓದಿ, ಪ್ಲೀಸ್.

(2/6) ಫೋಟೋ: ಓಲ್ಡ್ ಫೇಯ್ತ್‌ಫುಲ್ ಚಿಮ್ಮುವ ಹೊತ್ತು

ಗೀಸರ್ ಅಂದ್ರೆ ನಮಗೆಲ್ಲ ಬಚ್ಚಲುಮನೆ ಗೋಡೆ ಮೇಲಿರೋ ಬಿಳಿ ಡಬ್ಬ. (ನಮ್ಮ ಅಜ್ಜಿ ಮನೇಲಿ ಅದೂ ಇಲ್ಲ. ಹಂಡೆ, ಸೌದೆ, ಹೊಗೆ, ಕಣ್ಣೀರು.) ಆ ಪದ ಬಂದಿದ್ದು ಐಸ್‌ಲ್ಯಾಂಡಿನಿಂದ. ಅಲ್ಲಿ ಒಂದು ಕಣಿವೆಯಲ್ಲಿ ನೂರಾರು ವರ್ಷಗಳಿಂದ ಚಿಮ್ಮುತ್ತಿದ್ದ ಬುಗ್ಗೆಗೆ ಜನ ಗೇಸಿರ್ ಅಂತ ಕರೀತಿದ್ರು. ಚಿಮ್ಮೋದು ಅನ್ನೋ ಅರ್ಥದ ಅವರ ಭಾಷೆಯ ಪದದಿಂದ ಹುಟ್ಟಿದ ಹೆಸರು. ಆ ಒಂದು ಬುಗ್ಗೆಯ ಹೆಸರೇ ಪ್ರಪಂಚದ ಎಲ್ಲಾ ಚಿಮ್ಮುವ ಬುಗ್ಗೆಗಳಿಗೂ ಅಂಟ್ಕೊಂಡು, ಕೊನೆಗೆ ನಮ್ಮ ಬಚ್ಚಲುಮನೆಗೂ ಬಂತು.

ಬಿಸಿನೀರಿನ ಬುಗ್ಗೆಗಳು ಭೂಮಿ ಮೇಲೆ ಎಷ್ಟೋ ಇವೆ. ಆದ್ರೆ ನಿಜವಾದ ಗೀಸರ್‌ಗಳು ಇರೋದು ಸುಮಾರು ಒಂದು ಸಾವಿರ ಅಷ್ಟೇ. ಅದರಲ್ಲೂ ಅರ್ಧದಷ್ಟು ಯೆಲ್ಲೋಸ್ಟೋನ್ ಒಂದರಲ್ಲೇ. ಯಾಕಿಷ್ಟು ಕಮ್ಮಿ?

ಶಾಖ ಬೇಕು, ನೀರು ಬೇಕು. ಇವೆರಡು ಸಿಗೋ ಜಾಗ ಬೇಕಾದಷ್ಟಿವೆ. ಮೂರನೆಯದು ಅಪರೂಪ: ಗಟ್ಟಿ ಗೋಡೆಯ, ಎಲ್ಲೋ ಒಂದು ಕಡೆ ಇಕ್ಕಟ್ಟಾದ ಕೊಳವೆ.

ಕುಕ್ಕರ್ ನೆನಪಿಸ್ಕೊಳ್ಳಿ. ಒಳಗೆ ಒತ್ತಡ ಏರಿದಾಗ ನೀರು 100 ಡಿಗ್ರಿಗೆ ಕುದಿಯಲ್ಲ, ಇನ್ನೂ ಬಿಸಿಯಾಗ್ತಾ ಹೋಗುತ್ತೆ. ಗೀಸರ್‌ನಲ್ಲಿ ಮೇಲಿರೋ ನೀರಿನ ಭಾರವೇ ಕುಕ್ಕರಿನ ವೆಯ್ಟ್ ಕೆಲಸ ಮಾಡುತ್ತೆ. ತಳದ ನೀರು 100 ದಾಟಿದ್ರೂ ಕುದಿಯೋಕಾಗದೆ ಕೂತಿರುತ್ತೆ. ಆಮೇಲೆ ಕೆಲವು ಗುಳ್ಳೆಗಳು ಎದ್ದು ಮೇಲಿನ ಸ್ವಲ್ಪ ನೀರನ್ನ ಹೊರಗೆ ತಳ್ತವೆ. ಭಾರ ಇಳಿಯುತ್ತೆ. ತಕ್ಷಣ ತಳದ ನೀರು ಹಬೆಯಾಗಿ ಸ್ಫೋಟಿಸುತ್ತೆ. ಕುಕ್ಕರಿನ ವೆಯ್ಟನ್ನ ಗಬಕ್ಕನೆ ಎತ್ತಿದ ಹಾಗೆ. (ಮನೇಲಿ ಟ್ರೈ ಮಾಡ್ಬೇಡಿ.) 1846ರಲ್ಲಿ ಐಸ್‌ಲ್ಯಾಂಡಿಗೆ ಹೋಗಿ, ಗೇಸಿರ್‌ನ ಆಳಕ್ಕೆ ಥರ್ಮಾಮೀಟರ್ ಇಳಿಸಿ ಇದನ್ನ ಅಳೆದಿದ್ದು ರಾಬರ್ಟ್ ಬನ್ಸೆನ್. ಹೌದು, ನಮ್ಮ ಕೆಮಿಸ್ಟ್ರಿ ಲ್ಯಾಬಿನ ಬರ್ನರ್‌ಗೆ ಯಾರ ಹೆಸರಿದ್ಯೋ ಅದೇ ಬನ್ಸೆನ್.

ಓಲ್ಡ್ ಫೇಯ್ತ್‌ಫುಲ್‌ನ ಒಳಗೂ ಅಳೆದಿದಾರೆ. 22 ಮೀಟರ್ ಆಳದಲ್ಲಿ 118 ಡಿಗ್ರಿ ಸೆಲ್ಸಿಯಸ್. ಅದು ಹೊರಗೆ ಬಂದ್ರೆ ನಮ್ಮ ಹತ್ತು ಮಹಡಿ ಕಟ್ಟಡಕ್ಕಿಂತ ಎತ್ತರ ಚಿಮ್ಮುತ್ತೆ. ಆದ್ರೆ ಅದರ ಕೊಳವೆಯ ಅತಿ ಇಕ್ಕಟ್ಟಾದ ಜಾಗ ಎಷ್ಟಗಲ ಗೊತ್ತಾ? ಸುಮಾರು 10 ಸೆಂಟಿಮೀಟರ್. ನಿಮ್ಮ ಫೋನ್ ಅಡ್ಡ ಹಿಡಿದ್ರೆ ಅದರಲ್ಲಿ ತೂರಲ್ಲ.

ಈ 10 ಸೆಂಟಿಮೀಟರ್ ನೆನಪಲ್ಲಿಟ್ಕೊಂಡು ಮುಂದಿನದು ಓದಿ.

(3/6) ಫೋಟೋ: ಅದೇ ಬೋರ್ಡ್, ಜೂಮ್ ಮಾಡಿದ್ದು

ಬೇಲಿ ಮೇಲೆ ಹಬ್ಬಿ ಬೆಳಿಗ್ಗೆ ಅರಳೋ ನೀಲಿ ಗಂಟೆ ಹೂವು ನೋಡಿದೀರಲ್ಲ? ಇಂಗ್ಲಿಷ್‌ನಲ್ಲಿ ಅದೇ ಮಾರ್ನಿಂಗ್ ಗ್ಲೋರಿ. 1880ರ ದಶಕದಲ್ಲಿ ಈ ಕೊಳಕ್ಕೆ ಆ ಹೆಸರಿಟ್ಟಿದ್ದು ಅದು ಹಾಗೇ ಇದ್ದಿದ್ದಕ್ಕೆ: ಹೂವಿನ ಆಕಾರ, ಅಚ್ಚ ನೀಲಿ ಬಣ್ಣ.

ಆಗ ಅಲ್ಲಿಗೆ ಬಂದವರೆಲ್ಲ ಏನೋ ಒಂದನ್ನ ಕೊಳಕ್ಕೆ ಎಸೀತಿದ್ರು. ಹರಕೆಗೆ ನಾಣ್ಯ. ಏನಾಗುತ್ತೆ ನೋಡೋಣ ಅಂತ ಕಲ್ಲು. ಕೈಯಲ್ಲಿದ್ದ ಖಾಲಿ ಬಾಟಲಿ. ಅವೆಲ್ಲ ಹೋಗಿ ಕೂತಿದ್ದು ತಳದಲ್ಲಿ ಬಿಸಿನೀರು ಬರೋ ಕಂಡಿಯಲ್ಲಿ.

1950ರಲ್ಲಿ ಪಾರ್ಕಿನವರು ಕೊಳದ ನೀರಿನ ಮಟ್ಟ ಇಳಿಸಿ, ಅದು ತಾನಾಗೇ ಉಕ್ಕಿ ಒಳಗಿರೋದನ್ನ ಕಕ್ಕೋ ಹಾಗೆ ಮಾಡಿದ್ರು. ಏನೇನು ಬಂತು ಅಂದ್ರೆ: ಬಾಟಲಿ, ಡಬ್ಬ, ಟವೆಲ್, ಕಾಲುಚೀಲ, 76 ಕರ್ಚೀಫು, ಮತ್ತೆ 86 ಡಾಲರ್ ಮೇಲೆ ಬರೀ ಒಂದು ಸೆಂಟಿನ ನಾಣ್ಯ. ಲೆಕ್ಕ ಹಾಕಿ, 8,600ಕ್ಕೂ ಜಾಸ್ತಿ ನಾಣ್ಯ.

ಕರ್ಚೀಫ್ ಯಾಕೆ ಅಂತೀರಾ? ಅದೇ ಪಾರ್ಕಲ್ಲಿ ಕರ್ಚೀಫ್ ಪೂಲ್ ಅಂತಲೇ ಇನ್ನೊಂದು ಬುಗ್ಗೆ ಇತ್ತು. ಕರ್ಚೀಫ್ ಬಿಟ್ರೆ ಒಳಗೆಳ್ಕೊಂಡು, ಸ್ವಲ್ಪ ಹೊತ್ತಾದ್ಮೇಲೆ ಒಗೆದು ವಾಪಸ್ ಕೊಡ್ತಿತ್ತು. ಆಗಿನ ಕಾಲದ ರೀಲ್ ಅಂದ್ಕೊಳ್ಳಿ. ಕೊನೆಗೆ ಯಾರೋ ಅದರ ಬಾಯಿಗೆ ಮರದ ತುಂಡು ತುರುಕಿದ್ರು. ಆಟ ಅಲ್ಲಿಗೆ ಮುಗೀತು.

ಮಾರ್ನಿಂಗ್ ಗ್ಲೋರಿಯ ಕಂಡಿ ಕಟ್ಕೊಂಡ ಮೇಲೆ ತಳದಿಂದ ಬರೋ ಬಿಸಿನೀರು ಕಮ್ಮಿ ಆಯ್ತು. ಕೊಳ ತಣಿಯುತ್ತಾ ಬಂತು. ಅಂಚಿನಲ್ಲಷ್ಟೇ ಬದುಕೋಕೆ ಆಗ್ತಿದ್ದ ಹಳದಿ, ಕಿತ್ತಳೆ ಬಣ್ಣದ ಬ್ಯಾಕ್ಟೀರಿಯಾಗಳು ನಡುವಿನ ಕಡೆ ಹರಡಿದ್ವು. ನೀಲಿ ಹೋಯ್ತು. ನಾವು ಲೈಕ್ ಒತ್ತಿದ್ದು ಆ ಬಣ್ಣಕ್ಕೆ.

ಕರ್ಚೀಫಿನ ಕಥೆ ಓದಿ ಮೊದಲು ಜೋರಾಗಿ ನಕ್ಕೆ. ನಾಣ್ಯದ ಲೆಕ್ಕಕ್ಕೆ ಬಂದಾಗ ನಗು ನಿಂತೋಯ್ತು. ಯಾಕೆ ಅಂತ ಕೊನೇ ಪೋಸ್ಟಲ್ಲಿ ಹೇಳ್ತೀನಿ.

(4/6) ಫೋಟೋ: ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಸ್ಪ್ರಿಂಗ್, ಎದುರಿನ ಗುಡ್ಡದಿಂದ

ಹಾಗಂತ ಬಣ್ಣ ಕಂಡಲ್ಲೆಲ್ಲ "ಅಯ್ಯೋ, ಹಾಳಾಗಿದೆ" ಅನ್ಬೇಡಿ. ಅದೂ ತಪ್ಪಾಗುತ್ತೆ.

ಇದು ಯೆಲ್ಲೋಸ್ಟೋನಿನ ಅತಿ ದೊಡ್ಡ ಬಿಸಿನೀರ ಕೊಳ, ಅಗಲ ನೂರು ಮೀಟರ್‌ಗಿಂತ ಜಾಸ್ತಿ. ಇದರ ಬಣ್ಣದ ಉಂಗುರಗಳು ಸಹಜವಾದವು. ನಡುವೆ ನೀರು ಎಷ್ಟು ಬಿಸಿ ಅಂದ್ರೆ ಬಣ್ಣದ ಜೀವಿಗಳು ಬದುಕಲ್ಲ, ಅದಕ್ಕೆ ತಿಳಿ ನೀಲಿ. ಹೊರಗೆ ಹೋದಂತೆ ನೀರು ತಣಿಯುತ್ತೆ. ಒಂದೊಂದು ಶಾಖಕ್ಕೆ ಒಂದೊಂದು ಜಾತಿಯ ಜೀವಿ, ಒಂದೊಂದು ಬಣ್ಣ. ಅಂದ್ರೆ ಬಣ್ಣ ನೋಡಿ ನೀರಿನ ಬಿಸಿ ಅಂದಾಜು ಮಾಡ್ಬಹುದು. ಮಾರ್ನಿಂಗ್ ಗ್ಲೋರಿಯಲ್ಲಿ ಆ ಥರ್ಮಾಮೀಟರ್ ಕೆಳಗಿಳಿದಿದ್ದನ್ನ ಬಣ್ಣವೇ ಹೇಳ್ತಿತ್ತು. ಓದೋಕೆ ಬರ್ದೇ ಇದ್ದಿದ್ದು ನನಗೆ.

ಈ ಜೀವಿಗಳನ್ನ ಪಾಚಿ ಅಂತ ತಳ್ಳಿಹಾಕೋ ಹಾಗೂ ಇಲ್ಲ. 1966ರಲ್ಲಿ ಥಾಮಸ್ ಬ್ರಾಕ್ ಅನ್ನೋ ವಿಜ್ಞಾನಿ, ಅವರ ಜೊತೆ ಹಡ್ಸನ್ ಫ್ರೀಜ್ ಅನ್ನೋ ಡಿಗ್ರಿ ಓದ್ತಿದ್ದ ಹುಡುಗ (ನಮ್ಮ ವಯಸ್ಸಿನವನು!), ಇದೇ ಪಾರ್ಕಿನ ಒಂದು ಬುಗ್ಗೆಯಿಂದ ಥರ್ಮಸ್ ಅಕ್ವಾಟಿಕಸ್ ಅನ್ನೋ ಬ್ಯಾಕ್ಟೀರಿಯಾ ತಂದು ಬೆಳೆಸಿದ್ರು. ಅದರ ಕಿಣ್ವ ಕುದಿಯೋ ಹತ್ತಿರದ ಶಾಖದಲ್ಲೂ ಕೆಡಲ್ಲ. ಡಿಎನ್‌ಎಯನ್ನ ಬಿಸಿ ಮಾಡಿ, ತಣಿಸಿ, ಲಕ್ಷಾಂತರ ಪ್ರತಿ ಮಾಡೋ ಪಿಸಿಆರ್ ವಿಧಾನ ಇಷ್ಟು ಸಲೀಸಾಗಿದ್ದು ಆ ಕಿಣ್ವದಿಂದಲೇ. ಪಿಸಿಆರ್‌ಗಾಗಿ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. ಕೋವಿಡ್ ಟೈಮಲ್ಲಿ ಮೂಗಿಗೆ ಕಡ್ಡಿ ಹಾಕಿಸ್ಕೊಂಡು ರಿಪೋರ್ಟಿಗೆ ಕಾದಿದ್ವಲ್ಲ, ಆ ಟೆಸ್ಟಿನ ಬೇರು ಇಲ್ಲಿದೆ.

2014ರಲ್ಲಿ ಒಬ್ಬ ಪ್ರವಾಸಿ ಇದೇ ಕೊಳದೊಳಗೆ ಡ್ರೋನ್ ಬೀಳಿಸಿದ. ನಾಣ್ಯ ಹೋಗಿ ಡ್ರೋನ್ ಬಂತು, ಅಷ್ಟೇ ವ್ಯತ್ಯಾಸ.

(5/6) ಫೋಟೋ: ಇಲ್ಲ. ಈ ಜಾಗಕ್ಕೆ ನಮ್ಮನೆಯವರು ಯಾರೂ ಹೋಗಿಲ್ಲ

ಇಷ್ಟು ಓದಿ ಬೇಜಾರಾಗಿದ್ರೆ ಈಗ ನ್ಯೂಜಿಲೆಂಡಿಗೆ ಬನ್ನಿ. ಅಲ್ಲಿ ಎರಡು ಕಥೆ ಇವೆ.

ಮೊದಲನೆಯದು ವೈರಾಕೆ. ಅಲ್ಲಿ ಗೀಸರ್‌ಗಳದ್ದೇ ಒಂದು ಕಣಿವೆ ಇತ್ತು, ದೂರದಿಂದ ಜನ ನೋಡೋಕೆ ಬರ್ತಿದ್ರು. 1958ರಲ್ಲಿ ಭೂಮಿಯ ಶಾಖದಿಂದ ಕರೆಂಟ್ ತೆಗೆಯೋ ಸ್ಥಾವರ ಶುರುವಾಯ್ತು. ನೆಲದೊಳಗಿನ ಬಿಸಿನೀರನ್ನ ಮೇಲೆತ್ತಿದ ಹಾಗೆ ಒತ್ತಡ ಇಳೀತು, ಕಣಿವೆಯ ಗೀಸರ್‌ಗಳು ಒಂದೊಂದಾಗಿ ನಿಂತ್ವು. ಕರೆಂಟ್ ಬಂತು, ಕಲ್ಲಿದ್ದಲು ಸುಡದೇ ಬಂತು. ಅದು ಸಣ್ಣ ಲಾಭ ಅಲ್ಲ. ಆದ್ರೆ ಕೊಟ್ಟ ಬೆಲೆಯೂ ಸಣ್ಣದಲ್ಲ.

ಎರಡನೆಯದು ರೊಟೊರುವಾ. ಊರಿನ ಮನೆಗಳು, ಹೋಟೆಲ್‌ಗಳು ಸ್ನಾನಕ್ಕೆ, ಕೋಣೆ ಬೆಚ್ಚಗಿಡೋಕೆ ಅಂತ ನೆಲಕ್ಕೆ ಬೋರ್ ಕೊರೆದು ಬಿಸಿನೀರು ಎತ್ತುತ್ತಿದ್ರು. ನಮ್ಮೂರಲ್ಲಿ ತೋಟಕ್ಕೆ ಬೋರ್ ಹೊಡೆಸೋ ಹಾಗೆ. ಪಕ್ಕದಲ್ಲೇ ವಾಕಾರೆವರೆವಾ. ಮಾವೊರಿ ಜನ ತಲೆಮಾರುಗಳಿಂದ ಬುಗ್ಗೆಗಳಲ್ಲೇ ಅಡುಗೆ, ಸ್ನಾನ ಮಾಡ್ಕೊಂಡು ಬಂದಿರೋ ಜಾಗ. ಅಲ್ಲಿನ ಗೀಸರ್‌ಗಳು ಸೊರಗಿದ್ವು. 1979ರಲ್ಲಿ ಪಾಪಾಕುರಾ ಅನ್ನೋ ಗೀಸರ್ ಪೂರ್ತಿ ನಿಂತೋಯ್ತು.

ಕೊನೆಗೆ ಸರ್ಕಾರ 1986–87ರಲ್ಲಿ ಪೊಹುಟು ಅನ್ನೋ ದೊಡ್ಡ ಗೀಸರ್‌ನಿಂದ ಒಂದೂವರೆ ಕಿಲೋಮೀಟರ್ ಒಳಗಿನ ಬೋರ್‌ಗಳನ್ನ ಮುಚ್ಚಿಸ್ತು. ಜನ ಸುಮ್ನಿರ್ತಾರಾ? ದೊಡ್ಡ ಗಲಾಟೆ ಆಯ್ತು. ಆದ್ರೆ ನೆಲದೊಳಗಿನ ನೀರಿನ ಮಟ್ಟ ಏರ್ತು. ಪೊಹುಟು ಚೇತರಿಸ್ಕೊಂಡು ಈಗ ದಿನಕ್ಕೆ ಹಲವು ಸಲ ಚಿಮ್ಮುತ್ತೆ. ಸತ್ತೇ ಹೋಯ್ತು ಅಂದ್ಕೊಂಡಿದ್ದ ಪಾಪಾಕುರಾ 2015ರಲ್ಲಿ ಮತ್ತೆ ಚಿಮ್ಮಿತು.

36 ವರ್ಷ ಆದ್ಮೇಲೆ.

ಇದನ್ನ ಓದಿದಾಗ ರಾತ್ರಿ ಹನ್ನೊಂದೂವರೆ. ಹಾಸ್ಟೆಲ್ ಲೈಟ್ ಆಫ್ ಆಗಿತ್ತು. ಪಕ್ಕದವಳನ್ನ ಎಬ್ಬಿಸಿ ಹೇಳಿದೆ. "ಬೆಳಿಗ್ಗೆ ಹೇಳೇ ತಾಯಿ" ಅಂತ ಮಗ್ಗುಲಾದ್ಲು. ಪರವಾಗಿಲ್ಲ, ನಿಮಗೆ ಹೇಳಿದೆನಲ್ಲ.

(6/6) ಫೋಟೋ: ಒಂದು ರೂಪಾಯಿ, ನನ್ನ ಅಂಗೈಯಲ್ಲಿ

ಈಗ ನಮ್ಮ ಕಡೆಗೆ ಬರ್ತೀನಿ.

ಕರ್ನಾಟಕದಲ್ಲಿ ಗೀಸರ್ ಇಲ್ಲ. ಆದ್ರೆ ಬಿಸಿನೀರಿನ ಬುಗ್ಗೆ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರು ತೀರ್ಥ. ತುಳುವಿನಲ್ಲಿ ಬೆಂದ್ರ್ ಅಂದ್ರೆ ಬಿಸಿನೀರು. ಸುತ್ತ ಅಡಿಕೆ ತೋಟ, ಪಕ್ಕದಲ್ಲಿ ಹೊಳೆ. ಅಲ್ಲಿ ಜ್ವಾಲಾಮುಖಿ ಏನಿಲ್ಲ. ಭೂಮಿಯೊಳಗೆ ಒಂದೊಂದು ಕಿಲೋಮೀಟರ್ ಇಳಿದಂತೆ ಶಾಖ ಸುಮಾರು 25ರಿಂದ 30 ಡಿಗ್ರಿ ಏರುತ್ತೆ. ಬಂಡೆಯ ಬಿರುಕಲ್ಲಿ ಆಳಕ್ಕಿಳಿದ ನೀರು ಬಿಸಿಯಾಗಿ ಬೇಗ ಮೇಲೆ ಬಂದ್ರೆ ಸಾಕು, ಬುಗ್ಗೆ ಬೆಚ್ಚಗಿರುತ್ತೆ. ಸುಡೋ ನೀರಲ್ಲ, ಚಳಿಗಾಲದ ಬೆಳಿಗ್ಗೆ ಹಂಡೆಯಿಂದ ಮೊದಲ ಚೊಂಬು ಸುರ್ಕೊಂಡಾಗ ಹಾಯಾಗುತ್ತಲ್ಲ, ಅಷ್ಟು.

ಆರನೇ ಕ್ಲಾಸ್ ರಜೆಯಲ್ಲಿ ಅತ್ತೆ ಮನೆಗೆ ಹೋದಾಗ ನಮ್ಮನ್ನೆಲ್ಲ ಅಲ್ಲಿಗೆ ಕರ್ಕೊಂಡು ಹೋಗಿದ್ರು. ನೀರಿಗೆ ಕೈ ಅದ್ದಿ "ಅಜ್ಜೀ, ಯಾರೋ ಕೆಳಗೆ ಒಲೆ ಹಚ್ಚಿದಾರೆ!" ಅಂತ ಕೂಗಿದ್ದೆ. ಆಮೇಲೆ ಜೇಬಿನಿಂದ ಒಂದು ರೂಪಾಯಿ ತೆಗೆದು, ಕಣ್ಮುಚ್ಚಿ, "ನನಗೊಂದು ಫೋನ್ ಸಿಗ್ಲಿ" ಅಂತ ಎಸೆದೆ. ಅಜ್ಜಿ ನೋಡಿಬಿಟ್ರು. "ಕುಡಿಯೋ ಬಿಂದಿಗೆಗೆ ಕಾಸು ಹಾಕ್ತೀಯಾ ಪುಟ್ಟಿ?" ಅಂದ್ರು. ನನಗೆ ಅರ್ಥ ಆಗ್ಲಿಲ್ಲ, ಕೋಪ ಬಂತು. ಫೋನ್ ಸಿಕ್ಕಿದ್ದು ಐದು ವರ್ಷ ಆದ್ಮೇಲೆ, ಅಪ್ಪ ಇಎಂಐ ಕಟ್ಟಿ ತಂದಾಗ. ಆದ್ರೂ ಮನಸ್ಸಲ್ಲಿ ಥ್ಯಾಂಕ್ಸ್ ಹೇಳಿದ್ದು ಆ ಬುಗ್ಗೆಗೆ.

ನನ್ನ ಒಂದು ರೂಪಾಯಿಯಿಂದ ಏನಾಗಿರುತ್ತೆ? ಬಹುಶಃ ಏನೂ ಆಗಿರಲ್ಲ. ಆದ್ರೆ ಮಾರ್ನಿಂಗ್ ಗ್ಲೋರಿಗೆ ಆ 8,600 ನಾಣ್ಯ ಹಾಕಿದವರೂ ಒಬ್ಬೊಬ್ಬರೂ ಇದನ್ನೇ ಅಂದ್ಕೊಂಡಿರ್ತಾರೆ.

ಮುಂದಿನ ತಿಂಗಳು ನಮ್ಮ ಕ್ಲಾಸಿನ ಟ್ರಿಪ್. ಲಿಸ್ಟಲ್ಲಿ ಬೆಂದ್ರು ತೀರ್ಥ ಸೇರಿಸಿದ್ದು ನಾನೇ. ಮೊನ್ನೆ ಗ್ರೂಪಲ್ಲಿ "ಎಲ್ರೂ ಒಟ್ಟಿಗೆ ಕಾಯಿನ್ ಎಸೆದು ಸ್ಲೋ-ಮೋ ರೀಲ್ ಮಾಡೋಣ" ಅಂತ ಮೆಸೇಜ್ ಬಂತು. ಯಾರದ್ದು ಅಂತ ಹೇಳಲ್ಲ. ಅದಕ್ಕೆ ಥಂಬ್ಸ್‌ಅಪ್ ಹಾಕಿದ ಹದಿನಾಲ್ಕು ಜನರಲ್ಲಿ ನಾನೂ ಒಬ್ಳು. ಈ ಪೋಸ್ಟ್ ಬರೆಯೋಕೆ ಮುಂಚೆ ಹೋಗಿ ಅದನ್ನ ತೆಗೆದು ಬಂದೆ. ಉಳಿದ ಹದಿಮೂರು ಜನ ಇದನ್ನ ಓದ್ತಿದೀರ ಅಂತ ಗೊತ್ತು.

ರೀಲ್ ಮಾಡೋಣ, ಬೇಡ ಅಂತಿಲ್ಲ. ಕೈ ಅದ್ದೋಣ, ಕಾಲು ಇಳಿಬಿಟ್ಟು ಕೂರೋಣ, ಅಜ್ಜಿ ಹೇಳಿದ್ದನ್ನ ಹೇಳೋಣ. ಕಾಯಿನ್ ಮಾತ್ರ ಜೇಬಲ್ಲೇ ಇರ್ಲಿ. ವಾಪಸ್ ಬರುವಾಗ ದಾರೀಲಿ ಟೀ ಕುಡಿಯೋಣ, ಎಲ್ರ ಹರಕೆ ಕಾಸೂ ಒಟ್ಟು ಹಾಕಿ.

ಮತ್ತೆ ಅಲ್ಲಿ ಬೋರ್ಡ್ ಏನಾದ್ರೂ ಇದ್ರೆ, ಅದನ್ನೂ ಫ್ರೇಮಲ್ಲಿ ಇಟ್ಕೊಳ್ಳೋಣ.

ಮೂರನೇ ಪೋಸ್ಟನ್ನ ಡಿಲೀಟ್ ಮಾಡಲ್ಲ. ಕ್ಯಾಪ್ಷನ್ ತಿದ್ದಿದೀನಿ, ಹೋಗಿ ನೋಡಿ. ಆಗ ಸ್ಟೋರಿಗೆ ಹಾಕ್ಕೊಂಡಿದ್ದವರು ಇದನ್ನೂ ಹಾಕ್ಕೊಳ್ಳಿ. ನಿಮ್ಮೂರ ಹತ್ರ ಬುಗ್ಗೆ, ಒರತೆ, ಕಲ್ಯಾಣಿ ಏನಿದ್ರೂ ಕಾಮೆಂಟಲ್ಲಿ ಹೇಳಿ, ಮುಂದಿನ ಸರಣಿ ಅದರ ಮೇಲೆ.

#ಬಿಸಿನೀರಸರಣಿ #ಬೆಂದ್ರುತೀರ್ಥ #ಕಾಯಿನ್‌ಜೇಬಲ್ಲಿರ್ಲಿ